ಉಪ್ಪಿನಾಗರಕ್ಕೊಬ್ಬ ಸಂಗೀತಗಾರ

ಸೆಪ್ಟೆಂಬರ್ 22, ಸೋಮವಾರ

ಚಿತ್ರ ಬರೆಯುವ ಸುಲಾಳೂ ನಾನೂ ಸೇರಿ ಮಾಡುತ್ತಿರುವ ಕಂಪ್ಯೂಟರ್ ಆಟ ಹೆಚ್ಚುಕಡಿಮೆ ಮುಗಿದಿದೆ. ಸಂಗೀತ ಮಾತ್ರ ಇಲ್ಲ. ಬುಸಾನಿನ ಆಟಗಳ ಮೇಳ ನವೆಂಬರ್ ಹದಿನಾಲ್ಕಕ್ಕೆ ಶುರುವಾಗುತ್ತದೆ. ಅಲ್ಲಿ ನಮಗೊಂದು ಮೇಜು ಸಿಕ್ಕಿದೆ. ಜಪಾನಿನ ಪ್ರಕಾಶಕರೊಬ್ಬರು ಬಂದು ಆಡಿ ನೋಡುವುದಾಗಿ ಬರೆದಿದ್ದಾರೆ. ಅವರು ಒಪ್ಪಿದರೆ ಆಟ ಹೊರಬರುತ್ತದೆ. ಒಪ್ಪದಿದ್ದರೆ ಸುಲಾ ಜನವರಿಯಿಂದ ಗ್ವಾಂಗ್ಜುವಿನ ಯಾವುದೋ ದೊಡ್ಡ ಕಂಪನಿಗೆ ಚಿತ್ರ ಬರೆಯಲು ಹೋಗುತ್ತಾಳೆ, ನಾನು ಮತ್ತೆ ಟ್ಯೂಷನ್ ಕೇಂದ್ರದಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ನಾಲ್ಕು ವರ್ಷದ ಕೆಲಸ ಡಬ್ಬಿಯಲ್ಲಿ ಉಳಿಯುತ್ತದೆ.

ಸಂಗೀತಗಾರರಿಗಾಗಿ ಹಾಕಬೇಕಾದ ಪ್ರಕಟಣೆಯನ್ನು ಹೀಗೆ ಬರೆದೆ: 'ಮೊಕ್ಪೊ ಸಮೀಪದ ದ್ವೀಪವೊಂದರ ಉಪ್ಪಿನಾಗರ. ಆಡುವವರು ಅಲ್ಲಿನ ಒಬ್ಬನೇ ಕೆಲಸಗಾರ. ಸಮುದ್ರದ ನೀರು ಬಿಡಬೇಕು, ಬಿಸಿಲಿಗೆ ಕಾಯಬೇಕು, ಉಪ್ಪು ಬಂದಾಗ ಹಲಗೆಯಿಂದ ಎಳೆದು ಗುಡ್ಡೆ ಹಾಕಬೇಕು. ಶತ್ರುಗಳಿಲ್ಲ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ಮಳೆ, ಹೀಗೆ ನಾಲ್ಕು ರಾಗ ಬೇಕು. ಅಳಿಸುವ ಸಂಗೀತ ಬೇಡ.'

ಸುಲಾ ಓದಿ, "ಅಕ್ಕ, ಇದು ಜಾಹೀರಾತಾ, ಕೋರ್ಟ್ ನೋಟಿಸಾ?" ಅಂದಳು. ಬದಲಾಯಿಸದೆ ಹಾಕಿದೆ.

ಸೆಪ್ಟೆಂಬರ್ 24, ಬುಧವಾರ

ಶೀತ. ಎದ್ದಾಗಲೇ ಬಲಗಿವಿ ಕಟ್ಟಿಕೊಂಡಿತ್ತು, ಈಜಿ ಬಂದಾಗ ನೀರು ಹೊಕ್ಕ ಹಾಗೆ. ಎಡಗಿವಿ ಆರನೇ ವಯಸ್ಸಿನಲ್ಲಿ ಕೀವು ಸೋರಿ ಅರ್ಧ ಹೋದದ್ದೇ, ಅದರ ಮೇಲೆ ನಾನು ಯಾವತ್ತೂ ಭಾರ ಹಾಕಿದವಳಲ್ಲ. ಶುಂಠಿ ಚಹಾ ಕುಡಿದೆ. ಹದಿನೇಳು ಜನ ಮಾದರಿ ಕಳಿಸಿದ್ದಾರೆ.

ಸೆಪ್ಟೆಂಬರ್ 29, ಸೋಮವಾರ

ಮಾದರಿಗಳು ಈಗ ನಲವತ್ತೊಂದು. ಕೇಳಿದೆ. ಎಲ್ಲವೂ ಕಂಬಳಿ ಹೊದ್ದುಕೊಂಡಿವೆ. ಇದೇನು ಈಗಿನ ಫ್ಯಾಷನ್ನೋ ತಿಳಿಯದು. ಸಿಯೋಲಿನವನೊಬ್ಬ ದೊಡ್ಡ ದೊಡ್ಡ ಆಟಗಳಿಗೆ ಕೆಲಸ ಮಾಡಿದವನಂತೆ, ಅವನದೂ ಅಷ್ಟೇ. ಡೇಜೋನಿನ ಹುಡುಗಿಯೊಬ್ಬಳು ಕೊಳಲಿನದು ಎಂದು ಕಳಿಸಿದ್ದಾಳೆ. ಅದರಲ್ಲಿ ಕೊಳಲೆಲ್ಲಿ? ಉಸಿರು ಮಾತ್ರ ಇದೆ.

ಸುಲಾಳಿಗೆ ಆ ಹುಡುಗಿಯದು ಇಷ್ಟವಾಗಿದೆ.

"ಮಂಕಾಗಿದೆ" ಎಂದೆ.

"ಮಂಕಾ? ಅಕ್ಕ, ಕಿವಿ ಕೊಟ್ಟು ಕೇಳಿದ್ಯಾ?"

"ನಾಲ್ಕು ಸಲ ಕೇಳಿದೀನಿ."

ಅವಳು ತನ್ನ ಪರದೆಯ ಕಡೆ ತಿರುಗಿಕೊಂಡಳು. ಚಿತ್ರಗಳ ವಿಷಯದಲ್ಲೂ ಹೀಗೇ ಸುಮ್ಮನಾಗುತ್ತಾಳೆ. ಮಧ್ಯಾಹ್ನದ ಆಕಾಶವನ್ನು ಹನ್ನೊಂದು ಸಲ ಬರೆಸಿದ್ದೇನೆ. ಹನ್ನೊಂದನೆಯದೂ ಸರಿಯಿಲ್ಲ. ಅಪ್ಪನ ಉಪ್ಪಿನಾಗರದ ಮೇಲಿನ ಆಕಾಶ ಹೇಗಿತ್ತೆಂದು ಅವಳಿಗೆ ಗೊತ್ತಿರಲು ಸಾಧ್ಯವಿಲ್ಲ, ನನಗೆ ಗೊತ್ತು. ಆದ್ದರಿಂದ ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಹೆಡ್‌ಫೋನಿನ ಬಲಭಾಗ ಕೆಟ್ಟಿದೆ. ಹೊಸದು ತರಬೇಕು.

ಅಕ್ಟೋಬರ್ 2, ಗುರುವಾರ

ಹೊಸ ಹೆಡ್‌ಫೋನೂ ಹಾಗೇ ಇದೆ. ಅಂಗಡಿಗೆ ತೆಗೆದುಕೊಂಡು ಹೋದೆ. ಅಂಗಡಿಯವನು ತಾನೇ ಹಾಕಿಕೊಂಡು, "ಸರಿಯಾಗೇ ಇದೆಯಲ್ಲ ಮೇಡಂ" ಅಂದ. ಮಾರಿದ್ದನ್ನು ಕೆಟ್ಟಿದೆ ಎಂದು ಯಾವ ಅಂಗಡಿಯವನು ಒಪ್ಪಿಕೊಳ್ಳುತ್ತಾನೆ.

ಕೆಳಗಿನ ಹೋಟೆಲಿನ ಹೆಂಗಸು "ಖಾರ ಹಾಕ್ಲಾ?" ಎಂದದ್ದು "ಭಾರ ಆಗಲ್ವಾ?" ಎಂದು ಕೇಳಿಸಿತು. ಇಲ್ಲ, ಒಂದೇ ಚೀಲ ಎಂದೆ. ಅವಳು ಒಂದು ಕ್ಷಣ ನನ್ನನ್ನು ನೋಡಿ ಖಾರವಿಲ್ಲದ ಆಕ್ಟೋಪಸ್ ಸಾರು ತಂದಿಟ್ಟಳು. ಈ ಊರಿನವರೆಲ್ಲ ಬಾಯಲ್ಲಿ ಏನೋ ಇಟ್ಟುಕೊಂಡು ಮಾತನಾಡುತ್ತಾರೆ.

ಅಕ್ಟೋಬರ್ 6, ಸೋಮವಾರ

ಚುಸೋಕ್. ಹಬ್ಬಕ್ಕೆ ದ್ವೀಪಕ್ಕೆ ಹೋಗಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ.

"ನಿಮ್ಮಪ್ಪನ ಸಮಾಧಿ ಮೇಲಿನ ಹುಲ್ಲು ಚಿಕ್ಕಪ್ಪ ಕತ್ತರಿಸಿದ. ನೀನು ಬರ್ಲಿಲ್ಲ ಅಂತ ಯಾರೂ ಏನೂ ಅನ್ನಲಿಲ್ಲ. ನಾನೇ ಎಲ್ಲಾ ಅಂದೆ" ಎಂದಳು ಅಮ್ಮ.

"ಕೆಲಸ ಇದೆಯಮ್ಮ."

"ಇದ್ರೆ ಇರ್ಲಿ, ಅದಕ್ಯಾಕೆ ಹಾಗೆ ಕಿರಿಚ್ತೀಯ? ಸಮುದ್ರದ ಆಚೆಯಿಂದ ಕೂಗಿದ ಹಾಗೆ. ಫೋನಲ್ಲಿದೀನಿ ಕಣೇ."

ನಾನು ಕಿರಿಚಿರಲಿಲ್ಲ.

ಅಕ್ಟೋಬರ್ 10, ಶುಕ್ರವಾರ

ಸುಲಾ ಒಬ್ಬರನ್ನು ಹುಡುಕಿಕೊಂಡು ಬಂದಳು. ಯುಕ್ ಗ್ಯಾಂಗೊ, ಐವತ್ತೊಂದು ವರ್ಷ. ಹಿಂದೆ ಮದುವೆ ಛತ್ರಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದರಂತೆ. ಈಗ ಹಿರಿಯರ ಕಲ್ಯಾಣ ಕೇಂದ್ರದಲ್ಲಿ ಮುದುಕ ಮುದುಕಿಯರಿಗೆ ಹಾಡು ಹೇಳಿಕೊಡುತ್ತಾರೆ. ಮಾರುಕಟ್ಟೆಯ ಒಣ ಸಮುದ್ರಸೊಪ್ಪಿನ ಅಂಗಡಿಯಲ್ಲಿ ದಿನವಿಡೀ ಹಾಕುವ ಆ ಹಾಡು ಅವರದೇ. ಮೊಕ್ಪೊದಲ್ಲಿ ಅದು ಬಾಯಿಗೆ ಬಾರದವರಿಲ್ಲ.

"ಅದನ್ನ ಬರೆದದ್ದಕ್ಕೆ ಕ್ಷಮೆ ಇರಲಿ" ಎಂದರು ಬಂದ ಕೂಡಲೆ. "ನನ್ನ ಹೆಂಡತಿ ಇವತ್ತಿಗೂ ಆ ಬೀದಿಗೆ ಬರಲ್ಲ."

ಉಳಿದವರೆಲ್ಲ ಎಷ್ಟು ನಿಮಿಷ, ಯಾವ ವಾದ್ಯ, ಯಾವ ಆಟದ ಹಾಗಿರಬೇಕು ಎಂದು ಕೇಳಿದ್ದರು. ಇವರು ಕೇಳಿದ್ದು: "ಉಪ್ಪು ಬರುವಾಗ ಸದ್ದು ಆಗುತ್ತಾ?"

ನಮ್ಮ ಕಡೆ ಉಪ್ಪನ್ನು ಮಾಡಿದೆವು ಎನ್ನುವುದಿಲ್ಲ, ಉಪ್ಪು ಬಂತು ಎನ್ನುತ್ತಾರೆ. ಸದ್ದಿನ ಬಗ್ಗೆ ನಾನು ಯೋಚಿಸಿರಲಿಲ್ಲ. ಬಿಸಿಲು ನೆತ್ತಿಗೆ ಬಂದಾಗ ಅಪ್ಪ ಕೈ ಎತ್ತಿ, "ಸುಮ್ನಿರ್ರೋ, ಬರ್ತಿದೆ" ಎನ್ನುತ್ತಿದ್ದ. ಮಕ್ಕಳ ಗಲಾಟೆ ನಿಲ್ಲಿಸುವುದಕ್ಕೆ ಹಾಗೆನ್ನುತ್ತಾನೆ ಎಂದುಕೊಂಡಿದ್ದೆ. ಅದನ್ನೇ ಹೇಳಿದೆ.

ಯುಕ್ ಅವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. "ನನಗೆ ಆ ಜಾಗ ತೋರಿಸ್ತೀರಾ?"

ಅಕ್ಟೋಬರ್ 12, ಭಾನುವಾರ

ಮೂವರೂ ಸೇತುವೆ ದಾಟಿ ದ್ವೀಪಕ್ಕೆ ಹೋಗಿ ಬಂದೆವು. ಈ ವರ್ಷದ ಉಪ್ಪಿನ ಕೆಲಸ ಮುಗಿಯುವ ಹೊತ್ತು. ಅಪ್ಪನ ಪಾಲನ್ನು ಈಗ ಚಿಕ್ಕಪ್ಪ ನೋಡಿಕೊಳ್ಳುತ್ತಾನೆ.

ಯುಕ್ ಅವರು ಬದುವಿನ ಮೇಲೆ ಟೋಪಿ ಹಾಕಿಕೊಂಡು ಕುಳಿತವರು ಎರಡು ಗಂಟೆ ಏಳಲಿಲ್ಲ. ರೆಕಾರ್ಡ್ ಮಾಡುವ ಯಂತ್ರವನ್ನೂ ಚೀಲದಿಂದ ತೆಗೆಯಲಿಲ್ಲ. ಸುಲಾಳೂ ಪಕ್ಕದಲ್ಲಿ ಕುಳಿತಳು. ನಡುನಡುವೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸುತ್ತಿದ್ದರು. ನನಗೆ ಬೇಸರ ಬಂದು ಚಿಕ್ಕಪ್ಪನ ಪಂಪಿನ ಹತ್ತಿರ ಹೋದೆ. ಪಂಪಿನ ಸದ್ದು ಮಾತ್ರ ಚೆನ್ನಾಗಿ ಕೇಳುತ್ತಿತ್ತು.

ಯುಕ್ ಅವರಿಗೊಂದು ವಿಚಿತ್ರ ಅಭ್ಯಾಸ. ಏನಾದರೂ ಹೇಳಬೇಕಾದರೆ ಸುತ್ತಿ ಬಂದು ನನ್ನ ಎದುರಿಗೇ ನಿಲ್ಲುತ್ತಾರೆ. ಮುದುಕರ ಜೊತೆ ಕೆಲಸ ಮಾಡಿ ಬಂದ ಅಭ್ಯಾಸವಿರಬೇಕು.

ಅಮ್ಮ ಏಡಿಯ ಉಪ್ಪಿನಕಾಯಿ, ಅನ್ನ ಬಡಿಸಿದಳು. "ಮೇಷ್ಟ್ರೇ, ನನ್ನ ಮಗಳಿಗೆ ಎರಡೆರಡು ಸಲ ಹೇಳ್ಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ. ದೊಡ್ಡ ಮನುಷ್ಯಳಾಗಿದಾಳೆ" ಎಂದಳು.

ಯುಕ್ ಅವರು ನಗಲಿಲ್ಲ. "ಕಿವಿ ತೋರಿಸಿದ್ರಾ?" ಎಂದು ನನ್ನನ್ನೇ ಕೇಳಿದರು.

"ಶೀತ" ಎಂದೆ. "ಮೇಳ ಮುಗಿದ ಮೇಲೆ ನೋಡಿದರಾಯಿತು."

ಅಕ್ಟೋಬರ್ 15, ಬುಧವಾರ

ಕೆಲಸ. ಕೆಟಲು ಸೀಟಿ ಹೊಡೆಯುವುದನ್ನು ನಿಲ್ಲಿಸಿದೆ. ನೀರೆಲ್ಲ ಆವಿಯಾಗಿ ತಳ ಸುಟ್ಟಿತು.

ಅಕ್ಟೋಬರ್ 17, ಶುಕ್ರವಾರ

ಯುಕ್ ಅವರಿಂದ ನಾಲ್ಕು ಕಡತಗಳು ಬಂದವು. ಸುಲಾ ತಂಗಿಯ ಮದುವೆಗೆ ಸುಂಚನ್‌ಗೆ ಹೋಗಿದ್ದಾಳೆ, ಸೋಮವಾರ ಬರುತ್ತಾಳೆ. ನಾನೊಬ್ಬಳೇ ಕೇಳಿದೆ.

ಬೆಳಗ್ಗೆ: ಪರವಾಗಿಲ್ಲ. ಸಂಜೆ: ಪರವಾಗಿಲ್ಲ, ತುಸು ಮಂಕು. ಮಳೆ: ಬಹಳ ಚೆನ್ನಾಗಿದೆ, ಇದನ್ನು ಒಪ್ಪಲೇಬೇಕು. ಕೆಳಗಿನ ಸ್ವರಗಳಲ್ಲೇ ತೆವಳುತ್ತ ಬರುತ್ತದೆ.

ಮಧ್ಯಾಹ್ನ: ಎರಡು ನಿಮಿಷ ಹತ್ತು ಸೆಕೆಂಡು. ಏನೂ ಇಲ್ಲ. ಮತ್ತೆ ಹಾಕಿದೆ. ದನಿ ಪೂರ್ತಿ ಏರಿಸಿ ಮೂರನೇ ಸಲ ಹಾಕಿದೆ. ಖಾಲಿ.

ಮಧ್ಯಾಹ್ನ ಈ ಆಟದ ಪ್ರಾಣ. ಉಪ್ಪು ಬರುವುದೇ ಆಗ. ಹೊಸ ಬಗೆಯ ಕಲೆ ಎಂದುಕೊಂಡು ಮೌನವನ್ನು ಸಂಗೀತವೆಂದು ಮಾರುವವರ ಬಗ್ಗೆ ಕೇಳಿದ್ದೇನೆ. ಆದರೆ ಸಮುದ್ರಸೊಪ್ಪಿನ ಅಂಗಡಿಗೆ ಹಾಡು ಬರೆದವರಿಂದ ಇದನ್ನು ನಿರೀಕ್ಷಿಸಿರಲಿಲ್ಲ. ಹೀಗೆ ಬರೆದು ಕಳಿಸಿದೆ: 'ನಾನು ಸಂಗೀತ ಕೇಳಿದ್ದೆ, ನೀವು ಖಾಲಿ ಚೀಲ ಕಳಿಸಿದ್ದೀರಿ. ನನ್ನ ಅಪ್ಪನ ಮಾತನ್ನು ನಿಮಗೆ ಹೇಳಿದ್ದು ಅದರ ಮೇಲೆ ತಮಾಷೆ ಮಾಡಲಿ ಎಂದಲ್ಲ. ಮದುವೆ ಛತ್ರದಲ್ಲಿ ಇದು ನಡೆಯುತ್ತಿತ್ತೇನೋ.'

ಸಂಜೆಯೊಳಗೆ ಉತ್ತರ ಬಂತು: 'ಸರಿ. ಹಾಗಾದರೆ ಬೇಡ ಬಿಡಿ.'

ಮೇಳಕ್ಕೆ ನಾಲ್ಕು ವಾರ. ಮತ್ತೆ ಮೊದಲಿನಿಂದ ಹುಡುಕಬೇಕು.

ಅಕ್ಟೋಬರ್ 20, ಸೋಮವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸುಲಾ ಹತ್ತು ಗಂಟೆಗೆ ಬಂದಳು. ಮದುವೆಯ ಸಿಹಿ ಕೊಟ್ಟಳು. ಯುಕ್ ಅವರ ವಿಷಯ ಹೇಳಿದೆ. "ಖಾಲೀನಾ?" ಎನ್ನುತ್ತ ಕಡತ ತೆರೆದು ಸ್ಪೀಕರಿಗೆ ಹಾಕಿದಳು. ನಾನು ನನ್ನ ಕೆಲಸ ಮಾಡುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ತಿರುಗಿ ನೋಡಿದರೆ ಅವಳ ಕೈಯಲ್ಲಿ ಸಿಹಿ ಹಾಗೇ ಇದೆ. ಅವಳು ಅಲುಗಾಡುತ್ತಿರಲಿಲ್ಲ.

"ಅಕ್ಕ, ಮತ್ತೊಂದ್ಸಲ ಹಾಕ್ಲಾ?"

"ಏನನ್ನ?"

"ಇದನ್ನೇ."

"ಇನ್ನೂ ಹಾಕೇ ಇಲ್ವಲ್ಲ."

ಅವಳು ನನ್ನ ಮುಖ ನೋಡಿದಳು. ಎದ್ದು ಬಂದು ನನ್ನ ಎದುರಿಗೆ ನಿಂತಳು, ಯುಕ್ ಅವರ ಹಾಗೆ.

"ಅಕ್ಕ, ಮುಗೀತು. ಎರಡು ನಿಮಿಷ ಪೂರ್ತಿ ಬಂತು. ನಿಂಗೆ ಕೇಳಿಸ್ಲಿಲ್ವಾ?"

ತಮಾಷೆ ಬೇಡ ಎಂದೆ. ಅವಳು ಕಡತವನ್ನು ಧ್ವನಿ ಕತ್ತರಿಸುವ ತಂತ್ರಾಂಶದಲ್ಲಿ ತೆರೆದು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಹಸಿರು ಗೆರೆ ಉದ್ದಕ್ಕೂ ಎದ್ದು ಬೀಳುತ್ತಿತ್ತು. ಒತ್ತೊತ್ತಾಗಿ, ಸಣ್ಣ ಸಣ್ಣದಾಗಿ. ಶುಕ್ರವಾರ ನಾನು ಅದನ್ನು ತೆರೆದು ನೋಡಿರಲಿಲ್ಲ. ನೋಡುವ ಅಗತ್ಯ ಕಂಡಿರಲಿಲ್ಲ.

"ಬಹಳ ಮೇಲಿನ ಸ್ವರಗಳು" ಎಂದಳು ಸುಲಾ ನಿಧಾನವಾಗಿ. "ಅವತ್ತು ಬದುವಿನ ಮೇಲೆ ಕೂತಾಗ ಕೇಳಿತ್ತಲ್ಲ, ಹಾಗೇ."

"ಅವತ್ತು ಏನು ಕೇಳಿತ್ತು?"

ಮನೆಗೆ ಹೋಗೆಂದು ಅವಳು ನನ್ನ ಕೋಟು ತಂದು ಕೈಗೆ ಕೊಟ್ಟಳು. ಆಸ್ಪತ್ರೆಗೆ ಫೋನ್ ಮಾಡಿ ನಾಳೆ ಬೆಳಗಿನ ಸಮಯ ತೆಗೆದುಕೊಂಡಳು. ಫೋನಿನಲ್ಲಿ ಅವಳು ಆಡಿದ ಮಾತು ನನಗೆ ಅರ್ಧ ತಿಳಿಯಿತು, ಉಳಿದರ್ಧವನ್ನು ಅವಳ ತುಟಿ ನೋಡಿ ತಿಳಿದುಕೊಂಡೆ. ಹೀಗೆ ತುಟಿ ನೋಡುವುದನ್ನು ಯಾವಾಗ ಕಲಿತೆನೋ.

ಅಕ್ಟೋಬರ್ 21, ಮಂಗಳವಾರ

ಗಾಜಿನ ಗೂಡಿನಲ್ಲಿ ಕೂರಿಸಿ ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು. ಮೊದಮೊದಲು ಒತ್ತಿದೆ. ಆಮೇಲೆ ಗಾಜಿನಾಚೆ ನರ್ಸ್ ಬರೆಯುತ್ತಲೇ ಇದ್ದಳು, ಇಲ್ಲಿ ಏನೂ ಬರುತ್ತಿರಲಿಲ್ಲ. ಅಂದಾಜಿನ ಮೇಲೆ ಎರಡು ಸಲ ಒತ್ತಿದೆ. ಅವಳು ತಲೆಯೆತ್ತಿ ನೋಡಿದಳು. ಆಮೇಲೆ ಒತ್ತಲಿಲ್ಲ.

"ಎಷ್ಟು ದಿನ ಆಯ್ತು?" ಎಂದು ಕೇಳಿದರು ಡಾಕ್ಟರು.

ಈ ಪುಸ್ತಕ ಚೀಲದಲ್ಲೇ ಇತ್ತು. ತೆಗೆದು ನೋಡಿ ಹೇಳಿದೆ. ಇಪ್ಪತ್ತೇಳು ದಿನ.

ಅವರು ಕಾಗದದಲ್ಲಿ ಬರೆದು ತೋರಿಸಿದರು, ನಾನು ತಪ್ಪು ತಿಳಿಯಬಾರದೆಂದು: 'ಇದು ಶೀತವಲ್ಲ. ಕಿವಿಯ ಒಳಗಿನ ನರಕ್ಕೆ ಹಠಾತ್ತಾಗಿ ಆದ ಪೆಟ್ಟು. ಎರಡು ವಾರದೊಳಗೆ ಬಂದಿದ್ದರೆ ಉಳಿಸುವ ಸಾಧ್ಯತೆ ಹೆಚ್ಚಿರುತ್ತಿತ್ತು. ಕೆಳಗಿನ ಸ್ವರಗಳು ಸ್ವಲ್ಪ ಮರಳಬಹುದು. ಮೇಲಿನವುಗಳ ಬಗ್ಗೆ ಭರವಸೆ ಕೊಡಲಾರೆ.'

ಕಿವಿಯ ತಮಟೆಯೊಳಗೇ ಸೂಜಿ ಚುಚ್ಚಿದರು. ಇನ್ನೂ ಮೂರು ಸಲ ಬರಬೇಕು.

ಸುಲಾ ಹೊರಗೆ ಕಾಯುತ್ತಿದ್ದಳು. ಅಕ್ಕಿ ಗಂಜಿ ಕೊಡಿಸಿದಳು. ಅವಳು ಅಳುತ್ತಿದ್ದಳು, ನಾನು ಗಂಜಿ ಮುಗಿಸಿದೆ.

ಅಕ್ಟೋಬರ್ 22, ಬುಧವಾರ

ಕೆಲಸ ಮಾಡಲಿಲ್ಲ.

ಅಕ್ಟೋಬರ್ 24, ಶುಕ್ರವಾರ

ನಲವತ್ತೊಂದು ಜನರಿಗೆ ಬರೆದ ಉತ್ತರಗಳನ್ನು ತೆಗೆದು ಓದಿದೆ. ಡೇಜೋನಿನ ಹುಡುಗಿಗೆ, 'ನಿಮಗೆ ವಾದ್ಯ ನುಡಿಸಲು ಬರುವುದಿಲ್ಲ, ಊದಲು ಮಾತ್ರ ಬರುತ್ತದೆ' ಎಂದು ಬರೆದಿದ್ದೇನೆ. ಅವಳಿಗೆ ಇಪ್ಪತ್ತೆರಡು ವರ್ಷ. ಇವತ್ತು ಅವಳಿಗೆ ಕಾರಣ ತಿಳಿಸಿ ಇನ್ನೊಂದು ಪತ್ರ ಬರೆದೆ. ಬರೆಯುವುದಕ್ಕೆ ಮಧ್ಯಾಹ್ನವೆಲ್ಲ ಹಿಡಿಯಿತು.

ಅಕ್ಟೋಬರ್ 29, ಬುಧವಾರ

ಹಿರಿಯರ ಕಲ್ಯಾಣ ಕೇಂದ್ರಕ್ಕೆ ಹೋದೆ. ಯುಕ್ ಅವರ ಹಾಡಿನ ತರಗತಿ ನಡೆಯುತ್ತಿತ್ತು. ಮೂವತ್ತು ಮುದುಕ ಮುದುಕಿಯರು. ಹಿಂದಿನ ಸಾಲಿನಲ್ಲಿ ಕುಳಿತೆ. ಪಕ್ಕದ ಅಜ್ಜಿ ಹಾಡಿನ ಹಾಳೆ ನನ್ನ ಮುಂದೆ ಸರಿಸಿದಳು. ಅರ್ಧ ಜನ ಒಂದು ಸಾಲು ಹಿಂದೆ, ಕೆಲವರು ಒಂದು ಸಾಲು ಮುಂದೆ. ಯುಕ್ ಅವರು ಎಲ್ಲರಿಗೂ ಕಾಣುವ ಹಾಗೆ ಕುರ್ಚಿಯ ಮೇಲೆ ನಿಂತು ಕೈ ಬೀಸುತ್ತಿದ್ದರು. ಯಾರನ್ನೂ ತಿದ್ದಲಿಲ್ಲ.

ಮುಗಿದ ಮೇಲೆ ಅವರು ಕೀಬೋರ್ಡಿಗೆ ಬಟ್ಟೆ ಹೊದಿಸುತ್ತಿದ್ದಾಗ ಎದುರಿಗೆ ಹೋಗಿ ನಿಂತೆ. ಕ್ಷಮಿಸಿ ಎಂದೆ. ಕಿವಿಯ ವಿಷಯ ಹೇಳಿದೆ. ಛತ್ರದ ಮಾತು ಕಿವಿಯ ತಪ್ಪಲ್ಲ, ನನ್ನದು ಎಂದೂ ಹೇಳಿದೆ.

"ನನ್ನ ಹಾಡು ಕೇಳೋ ಹಾಗಿಲ್ಲ ಅಂದವರು ಬೇಕಾದಷ್ಟು ಜನ ಇದಾರೆ" ಎಂದರು. "ನಿಜವಾಗ್ಲೂ ಕೇಳಿಸದೇ ಇದ್ದವರು ನೀವೊಬ್ರೇ."

"ಮತ್ತೆ ಮಾಡಿಕೊಡ್ತೀರಾ?"

"ಇಲ್ಲಮ್ಮ." ಅವರು ಬಟ್ಟೆಯ ತುದಿಯನ್ನು ಒಳಗೆ ಸೇರಿಸಿದರು. "ಕೋಪ ಅಲ್ಲ. ನಿಮ್ಮ ಜೊತೆ ಕೆಲಸ ಮಾಡೋದು ಕಷ್ಟ. ಆ ಹುಡುಗಿ ಹತ್ರ ಒಂದೇ ಆಕಾಶ ಹನ್ನೊಂದು ಸಲ ಬರೆಸಿದ್ರಂತೆ. ಈಗ ನಿಮಗೆ ಕೇಳಿಸೋದೂ ಇಲ್ಲ. ಸರಿ ತಪ್ಪು ಯಾವ ಲೆಕ್ಕದಲ್ಲಿ ಹೇಳ್ತೀರಿ?"

"ನಾನು ಹೇಳಲ್ಲ. ಸುಲಾ ಹೇಳ್ತಾಳೆ."

"ಅವಳು ಸರಿ ಅಂದದ್ದನ್ನ ನೀವು ಬದಲಾಯಿಸಿದ್ರೆ?"

"ಬದಲಾಯಿಸಲ್ಲ."

"ನಾಲ್ಕೂ ರಾಗ?"

"ನಾಲ್ಕೂ."

"ಮಧ್ಯಾಹ್ನದ್ದನ್ನ ಕೆಳಗಿನ ಸ್ವರಕ್ಕೆ ಇಳಿಸಿ ಕೊಡ್ಲಾ? ನಿಮಗೂ ಕೇಳಿಸುತ್ತೆ. ಎರಡು ದಿನದ ಕೆಲಸ."

ಬೇಕು ಎನ್ನುವ ಮಾತು ಬಾಯಿಯವರೆಗೂ ಬಂದಿತ್ತು. "ಉಪ್ಪು ಕೆಳಗಿನ ಸ್ವರದಲ್ಲಿ ಬರುತ್ತಾ ಮೇಷ್ಟ್ರೇ?" ಎಂದು ಕೇಳಿದೆ.

"ಇಲ್ಲ."

"ಹಾಗಾದ್ರೆ ಅದು ಇದ್ದ ಹಾಗೇ ಇರಲಿ."

ಪಕ್ಕದಲ್ಲಿದ್ದ ಅಜ್ಜಿ ಅಷ್ಟು ಹೊತ್ತೂ ಅಲ್ಲೇ ನಿಂತು ಕೇಳಿಸಿಕೊಂಡಿದ್ದಳು. "ಒಪ್ಕೊಳಪ್ಪ, ಪಾಪ, ನಮ್ಮ ಪೈಕಿಯವಳೇ" ಎಂದಳು.

ಅವರು ಒಪ್ಪಿದರು.

ನವೆಂಬರ್ 5, ಬುಧವಾರ

ಯುಕ್ ಅವರೂ ಸುಲಾಳೂ ಇಡೀ ದಿನ ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದರು. ನಾನು ಮೇಳಕ್ಕೆ ಬೇಕಾದ ತಂತಿಗಳನ್ನು ಕಟ್ಟಿಟ್ಟೆ. ಮಳೆಯ ರಾಗದ ಬಗ್ಗೆ ಇಬ್ಬರಿಗೂ ಜಗಳವಾಯಿತು. ಸುಲಾ ಗೆದ್ದಳು ಎಂದು ಕಾಣುತ್ತದೆ.

ಬಲಗಿವಿಗೆ ಪಂಪು, ಲಾರಿ, ಅಮ್ಮನ ಬೈಗುಳ ಮರಳಿವೆ. ಮಿಕ್ಕದ್ದಕ್ಕೆ ಶ್ರವಣಯಂತ್ರ ಹಾಕಿಸಿದ್ದಾರೆ. ಮಾತು ಈಗ ಬಿಡಿಸಿ ಕೇಳುತ್ತದೆ. ಮಧ್ಯಾಹ್ನದ ರಾಗ ಯಂತ್ರಕ್ಕೂ ನಿಲುಕುವುದಿಲ್ಲ. ಹಾಕಿ ನೋಡಿದೆ.

ಸಂಜೆ ಸುಲಾ ಹೊಸ ಆಕಾಶ ತೋರಿಸಿದಳು. ನಾನು ಕೇಳಿರಲಿಲ್ಲ, ಅವಳಾಗಿಯೇ ಬರೆದದ್ದು. ರಾಗ ಕೇಳಿ ಬರೆದಳಂತೆ. ನೀಲಿ ಕಡಿಮೆ, ಬಿಳಿ ಹೆಚ್ಚು. ಅಪ್ಪನ ಆಕಾಶ ಹಾಗಿರಲಿಲ್ಲ. ಚೆನ್ನಾಗಿದೆ ಎಂದೆ.

ಅವಳು ನನ್ನನ್ನೇ ನೋಡುತ್ತ ನಿಂತಳು.

"ಏನೇ?"

"ಏನಿಲ್ಲ ಅಕ್ಕ."

ನವೆಂಬರ್ 14, ಶುಕ್ರವಾರ

ಬುಸಾನ್. ಜಪಾನಿನ ಪ್ರಕಾಶಕರ ಕಡೆಯ ಹೆಂಗಸು ಹನ್ನೊಂದಕ್ಕೆ ಬಂದರು. ಹೆಸರು ಹಿರಾಓ. ದುಭಾಷಿಯನ್ನು ಜೊತೆಗೆ ಕರೆತಂದಿದ್ದರು. ನಲವತ್ತು ನಿಮಿಷ ಆಡಿದರು. ಅಷ್ಟು ಹೊತ್ತೂ ಸುಲಾ ನನ್ನ ತೋಳು ಹಿಡಿದುಕೊಂಡೇ ಇದ್ದಳು, ನಾಳೆ ಅಲ್ಲಿ ನೀಲಿಗಟ್ಟುತ್ತದೆ.

ಹಿರಾಓ ಅವರು ಹೆಡ್‌ಫೋನ್ ತೆಗೆದು ಒಂದು ವಾಕ್ಯ ಹೇಳಿದರು. ದುಭಾಷಿ ಕನ್ನಡಕ ಸರಿಮಾಡಿಕೊಂಡು, "ಮಧ್ಯಾಹ್ನ ಬೇಗ ಮುಗಿಯಿತು, ಇನ್ನೂ ಉದ್ದ ಮಾಡಬಹುದೇ ಎಂದು ಕೇಳುತ್ತಿದ್ದಾರೆ" ಎಂದ.

"ಅದನ್ನ ಸುಲಾಳಿಗೆ ಕೇಳಿ" ಎಂದೆ.

"ಆಗುತ್ತೆ" ಎಂದಳು ಸುಲಾ.

"ಹಾಗಾದರೆ ಕರಾರು ಪತ್ರ ಮುಂದಿನ ವಾರ ಕಳಿಸುತ್ತಾರಂತೆ" ಎಂದ ದುಭಾಷಿ.

ಸುಲಾ ಗ್ವಾಂಗ್ಜುವಿಗೆ ಹೋಗುವುದಿಲ್ಲ. ಯುಕ್ ಅವರಿಗೆ ಫೋನ್ ಮಾಡಿ ವಿಷಯ ತಿಳಿಸಿದೆವು. ಅವರು ಹೆಂಡತಿಯನ್ನು ಕೂಗಿ, "ಏ, ಇನ್ಮೇಲೆ ಆ ಬೀದಿಗೆ ಬರ್ಬೋದು ಕಣೇ" ಎಂದರು.

ನವೆಂಬರ್ 15, ಶನಿವಾರ

ಇವತ್ತು ಸಾರ್ವಜನಿಕರಿಗೆ. ನೂಕುನುಗ್ಗಲು. ಮಧ್ಯಾಹ್ನದ ಮೇಲೆ ವಯಸ್ಸಾದ ಗಂಡ ಹೆಂಡತಿ ಬಂದರು, ಎಪ್ಪತ್ತರ ಆಚೆಯವರು. ಮಳೆಯೆಂದು ಒಳಗೆ ಬಂದವರಂತೆ. ಎರಡು ಕುರ್ಚಿಗಳಲ್ಲೂ ಇಬ್ಬರನ್ನೂ ಕೂರಿಸಿದೆ.

ತಾತ ಸ್ವಲ್ಪ ಹೊತ್ತಾದ ಮೇಲೆ ಹೆಡ್‌ಫೋನ್ ತೆಗೆದು ತಟ್ಟಿ ನೋಡಿದರು. "ಇದು ಕೆಟ್ಟಿದೆ ಕಣಮ್ಮ. ಮೊದ್ಲು ಬರ್ತಿತ್ತು, ಈಗ ನಿಂತೇ ಹೋಯ್ತು."

ಅವರ ಪರದೆಯ ಮೇಲೆ ಬಿಸಿಲು ನೆತ್ತಿಗೆ ಬಂದಿತ್ತು. ಸುಲಾ ಏನೋ ಹೇಳಲು ಎದ್ದಳು. ನಾನು ಸ್ಟೂಲು ಎಳೆದುಕೊಂಡು ತಾತನ ಪಕ್ಕ ಕುಳಿತೆ.

"ಕೆಟ್ಟಿಲ್ಲ ತಾತ. ಅದರಲ್ಲಿ ಹಾಡಿದೆ. ನನಗೂ ಕೇಳಿಸಲ್ಲ."

"ಈ ಆಟ ನೀನೇ ಮಾಡಿದ್ದಲ್ವಾ?"

"ಹೌದು."

"ಮತ್ತೆ ಹಾಡಿದೆ ಅಂತ ನಿಂಗೆ ಹೇಗೆ ಗೊತ್ತು?"

ಅವರ ಹೆಂಡತಿಯ ಕಡೆ ಕೈ ತೋರಿಸಿದೆ. ಅವರ ಪರದೆಯಲ್ಲೂ ಮಧ್ಯಾಹ್ನವಾಗಿತ್ತು. ಉಪ್ಪು ಬಿಳಿಯಾಗಿ ನಿಂತಿತ್ತು, ಎಳೆಯುವ ಹೊತ್ತು. ಅಜ್ಜಿ ಎಳೆಯುತ್ತಿರಲಿಲ್ಲ. ಗುಂಡಿಯ ಮೇಲಿನ ಬೆರಳು ಹಾಗೇ ನಿಂತಿತ್ತು. ಬಾಯಿ ತುಸು ತೆರೆದಿತ್ತು, ಹೆಗಲು ಮೇಲಕ್ಕೆದ್ದಿತ್ತು.

ತಾತ ನೋಡಿದರು. ನಾನೂ ನೋಡಿದೆ. ಹಿಂದೆ ಸರದಿಯಲ್ಲಿದ್ದವರು ಗೊಣಗಿದರು, ಸುಲಾ ಅವರನ್ನು ತಡೆದಳು.

"ಮದುವೆಯಾಗಿ ನಲವತ್ತಾರು ವರ್ಷ" ಎಂದರು ತಾತ ಮೆಲ್ಲಗೆ. "ಇವಳು ಇಷ್ಟು ಹೊತ್ತು ಸುಮ್ನೆ ಕೂತಿದ್ದು ನಾನು ನೋಡಿಲ್ಲ."

"ಇನ್ನೂ ಸ್ವಲ್ಪ ಇದೆ" ಎಂದೆ.

ಆಮೇಲೆ ಅಜ್ಜಿಯ ಹೆಗಲು ನಿಧಾನವಾಗಿ ಕೆಳಗಿಳಿಯಿತು.

"ಈಗ ಮುಗೀತು ನೋಡಿ" ಎಂದೆ. ಅಜ್ಜಿ ಹೆಡ್‌ಫೋನ್ ತೆಗೆದು ನಮ್ಮಿಬ್ಬರ ಕಡೆ ತಿರುಗಿದರು.